ಕನಕಮ್ಮನ ಮಿಸ್ ಕಾಲ್

ದೇವದುರ್ಗ ಠಾಣೆಗೆ ಆ ದೂರು ಬಂದದ್ದು ಗುರುವಾರ ಬೆಳಿಗ್ಗೆ ಹತ್ತೂವರೆಗೆ. ಪಿಎಸ್‌ಐ ಗದ್ದೆಪ್ಪ ಆಗಷ್ಟೇ ಬದುವಿನ ಜಗಳದವರಿಬ್ಬರನ್ನು ಗದರಿಸಿ ಹೊರಗೆ ಕಳಿಸಿದ್ದರು. ಅವರ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದು ಇಳಿಯುವ ಮೊದಲು ಇನ್ನೊಬ್ಬರು ಬಂದು ನಿಂತರೆ ಅವರ ಪಾಲಿಗೂ ಒಂದಿಷ್ಟು ಬೀಳುತ್ತಿತ್ತು. ಆ ದಿನ ಹಾಗೆ ಬಂದು ನಿಂತವಳು ವಿಶಾಖಾ, ಊರಿನ ಪ್ರಾಥಮಿಕ ಶಾಲೆಯ ಶಿಕ್ಷಕಿ.

"ನಮ್ಮವ್ವ ಥಾಯ್ಲೆಂಡಿಗೆ ಹೋಗ್ಯಾಳ್ರಿ ಸರ. ದಿನಾ ಸಂಜಿಗೆ ಆಕಿ ನಂಬರಿಂದ ಮಿಸ್ ಕಾಲ್ ಬರಾಕತ್ತದ. ತಿರುಗಿ ಮಾಡಿದ್ರ ರಿಂಗ್ ಆಗತದ, ಎತ್ತಂಗಿಲ್ಲ."

"ಮಿಸ್ ಕಾಲ್ ಬಂತಂದ್ರ ಆರಾಮ ಅದಾಳಂತ ಅರ್ಥ. ಅದಕ್ಕೂ ಪೊಲೀಸ್ ಬೇಕೇನವಾ?"

"ಆಕಿ ಇಲ್ಲಿನ ಸಿಮ್ಮಿಗೆ ಹೊರದೇಶದ ರೋಮಿಂಗ್ ಹಾಕಿಸಿಲ್ರಿ. ಅಲ್ಲಿ ಅದು ರಿಂಗ್ ಆಗಂಗೇ ಇಲ್ಲ."

ಗದ್ದೆಪ್ಪ ಪೆನ್ನು ಕೆಳಗಿಟ್ಟು, ಕುರ್ಚಿ ತೋರಿಸಿದರು.

ಹೇಳಿಕೆಯನ್ನು ಹೆಡ್ ಕಾನ್‌ಸ್ಟೇಬಲ್ ಮಹಬೂಬೀ ಬರೆದುಕೊಂಡಳು. ವಿಶಾಖಾಳ ತಾಯಿ ಕನಕಮ್ಮ, ವಯಸ್ಸು ಅರವತ್ತೆರಡು. ಬೌದ್ಧ ಯಾತ್ರೆಗೆಂದು ಆರು ಜನ ಹೆಂಗಸರ ಜೊತೆ ನೇಪಾಳ, ಥಾಯ್ಲೆಂಡ್, ಶ್ರೀಲಂಕಾ ನೋಡಲು ಹೊರಟಿದ್ದಳು. ಅವರನ್ನು ಕರೆದೊಯ್ದವನು ರಾಯಚೂರಿನ ತಾಯಣ್ಣ. ಮೂರೂ ದೇಶದಲ್ಲಿ ನಡೆಯುವ ಇಂಟರ್ನೆಟ್ ಸಿಮ್ಮನ್ನು ಎಲ್ಲರ ಫೋನಿಗೂ ಹಾಕಿಸಲಾಗಿತ್ತು. ಲುಂಬಿನಿಯಲ್ಲಿರುವವರೆಗೆ ಕನಕಮ್ಮ ದಿನವೂ ವಿಡಿಯೋ ಕಾಲ್ ಮಾಡಿದಳು. ಸೋಮವಾರ ವಿಮಾನ ಹತ್ತಿದ ಮೇಲೆ ಅವಳ ಮುಖವೇ ಇಲ್ಲ. ತಾಯಣ್ಣನ ಫೋನೂ ಸಿಗುತ್ತಿರಲಿಲ್ಲ.

ವಿಶಾಖಾ ಹೆದರಿದ್ದು ಅಷ್ಟಕ್ಕೇ ಅಲ್ಲ. ಕನಕಮ್ಮನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದವು. ಹೊರಡುವ ಮುಂದೆ ಡಾಕ್ಟರು ಗುಳಿಗೆ ಬದಲಿಸಿದ್ದರು. ಓದು ಬಾರದ ಆಕೆಗೆ ಎಲ್ಲ ಗುಳಿಗೆ ಪಟ್ಟಿಗಳೂ ಒಂದೇ ಬೆಳ್ಳಿ ಬಣ್ಣ. ಬೆಳಿಗ್ಗೆ ಕ್ಯಾಮೆರಾದ ಮುಂದೆ ಒಂದೊಂದೇ ಪಟ್ಟಿ ಹಿಡಿಯುತ್ತಿದ್ದಳು. ಮಗಳು ಇದು ಈಗ, ಅದು ರಾತ್ರಿಗೆ ಎಂದು ಹೇಳುತ್ತಿದ್ದಳು.

"ನಾ ಹೇಳದ ಆಕಿ ಒಂದೂ ನುಂಗಂಗಿಲ್ರಿ," ಎಂದಳು ವಿಶಾಖಾ. "ಮೂರು ದಿನ ಆತು."

ಗದ್ದೆಪ್ಪನಿಗೆ ಒಳಗೊಳಗೇ ನಾಚಿಕೆಯಾಯಿತು. ಮಿಸ್ ಕಾಲಿಗೂ ಪೊಲೀಸ್ ಬೇಕೇ ಎಂದ ತನ್ನ ಮಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ, ನಾಪತ್ತೆ ಪ್ರಕರಣ ದಾಖಲಿಸುವಂತೆ ಮಹಬೂಬೀಗೆ ಹೇಳಿದರು. ಹನ್ನೊಂದೂಕಾಲಿಗೆ ಎಫ್‌ಐಆರ್ ಆಯಿತು. ಕನಕಮ್ಮನ ನಂಬರು ಯಾವ ಟವರಿನಲ್ಲಿದೆ ಎಂದು ಕೇಳಿ ರಾಯಚೂರಿನ ಎಸ್‌ಪಿ ಕಚೇರಿಗೆ ಪತ್ರ ಹೋಯಿತು. ಉತ್ತರಕ್ಕೆ ಕಾಯುತ್ತ ಕೂರುವ ಜಾಯಮಾನ ಗದ್ದೆಪ್ಪನದಲ್ಲ. ಮಹಬೂಬೀಯನ್ನೂ ವಿಶಾಖಾಳನ್ನೂ ಜೀಪಿಗೆ ಹತ್ತಿಸಿಕೊಂಡು ರಾಯಚೂರಿಗೆ ಹೊರಟರು.

ದಾರಿಯಲ್ಲೇ ಉತ್ತರ ಬಂತು. ಮಹಬೂಬೀ ಫೋನಿಟ್ಟು, ಹಿಂದೆ ಕೂತ ವಿಶಾಖಾಳನ್ನೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು.

"ಸರ, ನಂಬರ್ ಮಾನ್ವಿಯೊಳಗ ಅದ. ಬಸ್ ಸ್ಟ್ಯಾಂಡ್ ಹತ್ರದ ಟವರ್."

ತಗ್ಗಿಸಿದರೂ ಅದು ವಿಶಾಖಾಳ ಕಿವಿಗೆ ಬಿತ್ತು. ಹಾಗಾದರೆ ಅವ್ವ ವಿಮಾನವನ್ನೇ ಹತ್ತಲಿಲ್ಲವೇ, ಯಾರೋ ಎಲ್ಲೋ ಕೂಡಿಹಾಕಿದ್ದಾರೆಯೇ ಎಂದು ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಗದ್ದೆಪ್ಪನಿಗೂ ಅದೇ ಅನುಮಾನ. ಡ್ರೈವರನಿಗೆ ಸುಮ್ಮಸುಮ್ಮನೆ ಬೈದರು.

ರಾಯಚೂರಿನಲ್ಲಿ ತಾಯಣ್ಣನ ಕಚೇರಿ ಎಂದರೆ ಒಂದು ಮೇಜು, ಒಂದು ಕಂಪ್ಯೂಟರ್, ಅದರ ಮುಂದೆ ರಾಧಾ ಎಂಬ ಹುಡುಗಿ. ಪೊಲೀಸರನ್ನು ಕಂಡು ಅವಳು ಎದ್ದು ನಿಂತಳು. ಏಳೂ ಹೆಂಗಸರು ಸೋಮವಾರ ಕಠ್ಮಂಡುವಿನಲ್ಲಿ ವಿಮಾನ ಹತ್ತಿ ಬ್ಯಾಂಕಾಕಿನಲ್ಲಿ ಇಳಿದದ್ದಕ್ಕೆ ವಿಮಾನ ಕಂಪನಿಯ ಸಂದೇಶ ಅವಳಲ್ಲಿತ್ತು. ಅಲ್ಲಿಂದ ಮುಂದೆ ಉಳಿದುಕೊಂಡದ್ದು ಊರಾಚೆಯ ಒಂದು ವಿಹಾರದಲ್ಲಿ. ಅಲ್ಲಿ ವೈಫೈ ಇಲ್ಲವೆಂದು ತಾಯಣ್ಣ ಹೊರಡುವ ಮೊದಲೇ ಹೇಳಿದ್ದನಂತೆ; ಹೊರದೇಶದಲ್ಲಿ ಅವನ ಫೋನೂ ವೈಫೈ ಇದ್ದರಷ್ಟೇ ಸಿಗುತ್ತಿತ್ತು.

ಕನಕಮ್ಮ ಥಾಯ್ಲೆಂಡಿನಲ್ಲಿ, ಅವಳ ನಂಬರು ಮಾನ್ವಿಯಲ್ಲಿ. ಗದ್ದೆಪ್ಪ ಮೀಸೆ ಕಚ್ಚಿದರು.

"ಸಿಮ್ ಹಾಕಿದವ ಯಾರು?"

"ಮಾನ್ವಿ ಹನುಮೇಶ ಅಂತ್ರಿ. ಹೊರಡೋ ದಿನ ಇಲ್ಲಿಗೇ ಬಂದು ಎಲ್ಲಾರಿಗೂ ಹಾಕಿದ."

"ಹಳೇ ಸಿಮ್?"

"ಸಣ್ಣವು, ಕಳಕೋತೀರಿ ಅಂತ ಅವನೇ ಇಟ್ಕೊಂಡ್ರಿ. ತಿರುಗಿ ಬಂದ ಮ್ಯಾಲ ಕೊಡ್ತೀನಂದ."

ಆ ದಿನ ಹೆಂಗಸರು ಅವನ ತಲೆ ತಿಂದದ್ದನ್ನೂ ರಾಧಾ ಹೇಳಿದಳು. ಹೊಸ ಸಿಮ್ಮಿನಲ್ಲಿ ಇಂಟರ್ನೆಟ್ ಮಾತ್ರ, ಮಿಸ್ ಕಾಲ್ ಕೊಡಲು ಬರುವುದಿಲ್ಲ ಎಂದು ಅವನೆಂದಾಗ ದೊಡ್ಡ ರಂಪವೇ ಆಗಿತ್ತು. ಮಿಸ್ ಕಾಲ್ ಹೋಗದಿದ್ದರೆ ಮನೆಯವರು ಉಣ್ಣುವುದಿಲ್ಲ, ಇದೆಂಥ ಫೋನು ಎಂದು ಕನಕಮ್ಮ ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು.

ಜೀಪು ಮಾನ್ವಿ ಮುಟ್ಟಿದಾಗ ಹೊತ್ತು ಮುಳುಗುವುದರಲ್ಲಿತ್ತು. ಹನುಮೇಶನ ಮೊಬೈಲ್ ಅಂಗಡಿಯ ಎದುರು, ಮಿರ್ಚಿ ಬಂಡಿಯ ಮರೆಯಲ್ಲಿ ಜೀಪು ನಿಲ್ಲಿಸಿದರು. ನುಗ್ಗಿ ಕೊರಳಪಟ್ಟಿ ಹಿಡಿಯಬೇಕೆಂದು ಗದ್ದೆಪ್ಪನ ಕೈ ತುರಿಸುತ್ತಿತ್ತು. ಮಹಬೂಬೀ ತಡೆದಳು. ದಿನಾ ಸಂಜೆಗೆ ಬರುತ್ತದೆಂದ ಮೇಲೆ ಇವತ್ತೂ ಬಂದೇ ಬರುತ್ತದೆ, ಸ್ವಲ್ಪ ತಡೆಯಿರಿ ಎಂದಳು.

ಗಿರಾಕಿಗಳು ಖಾಲಿಯಾದರು. ಮೂವತ್ತರ ಆಸುಪಾಸಿನ, ಬಡಕಲು ಮೈಯ ಹನುಮೇಶ ಅರ್ಧ ಶಟರ್ ಇಳಿಸಿ, ಮೇಜಿನ ಕೆಳಗಿಂದ ಒಂದು ಡಬ್ಬಿ ತೆಗೆದ. ಹಳೆಯ ಫೋನೊಂದರ ಬೆನ್ನು ಬಿಚ್ಚಿ ಏನೋ ತೂರಿಸಿ, ನಂಬರು ಒತ್ತಿ ಕಿವಿಗಿಟ್ಟುಕೊಂಡ.

ಜೀಪಿನೊಳಗೆ ವಿಶಾಖಾಳ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಅವ್ವ' ಎಂದಿತ್ತು.

ಗದ್ದೆಪ್ಪ ರಸ್ತೆ ದಾಟಿದ್ದು ಅವರಿಗೇ ಗೊತ್ತಾಗಲಿಲ್ಲ. ಶಟರಿನಡಿ ಬಗ್ಗಿ ಒಳಹೊಕ್ಕವರೇ ಕೈ ಎತ್ತಿದರು. ಹನುಮೇಶ ತಪ್ಪಿಸಿಕೊಳ್ಳಲೂ ಇಲ್ಲ, ಕಣ್ಣು ಮುಚ್ಚಲೂ ಇಲ್ಲ. ಎತ್ತಿದ ಕೈ ಹಾಗೇ ಇಳಿದು, ಹಿಂದೆಯೇ ಬಂದ ವಿಶಾಖಾಳತ್ತ ತೋರಿಸಿತು.

"ಲೇ, ಈಕಿ ಅವ್ವನ ಫೋನು ಯಾಕ ಬಂದ್ ಆತು?"

"ನನ್ನಿಂದರಿ."

ಪಂಚರ ಎದುರು ಡಬ್ಬಿ ತೆಗೆಸಿದರು. ಹಳೆಯ ಫೋನಿನೊಳಗಿನದೂ ಸೇರಿ ಏಳು ಸಿಮ್ಮುಗಳು. ಒಂದೊಂದನ್ನೂ ಚೀಟಿಯಲ್ಲಿ ಸುತ್ತಿ, ಮೇಲೆ ಹೆಂಗಸಿನ ಹೆಸರು, ಮನೆಯವರ ನಂಬರು. ಮಹಬೂಬೀ ಪಂಚನಾಮೆ ಬರೆಯುತ್ತಿದ್ದಂತೆ ಅವನು ಎಲ್ಲವನ್ನೂ ಒಪ್ಪಿಕೊಂಡ. ಮೂರು ದೇಶದ ಪ್ಲಾನಿಗೆ ಹಣ ಪಡೆದು ನೇಪಾಳದ ಪ್ಲಾನನ್ನಷ್ಟೇ ಹಾಕಿದ್ದ. ಉಳಿದದ್ದು ಅಂಗಡಿಯ ಬಾಡಿಗೆಗೆ ಹೋಗಿತ್ತು. ಅವರು ನೇಪಾಳ ಬಿಡುವಷ್ಟರಲ್ಲಿ ಹೊಂದಿಸಿ ಇಲ್ಲಿಂದಲೇ ರೀಚಾರ್ಜ್ ಮಾಡಿದರಾಯಿತು ಎಂದುಕೊಂಡಿದ್ದ. ಹೊಂದಲಿಲ್ಲ.

"ಇಲ್ಲಿಂದ ಮಾಡಾಕ ಬರತದಾ?" ಗದ್ದೆಪ್ಪ ಕೇಳಿದರು.

"ಬರತದ್ರಿ. ಹೊರದೇಶದ ಪೇಮೆಂಟ್ ಆಗೋ ಕಾರ್ಡ್ ಬೇಕು. ನಂದು ಆಗಂಗಿಲ್ಲ."

ಗದ್ದೆಪ್ಪ ಬೈಯುತ್ತಲೇ ಜೇಬಿನಿಂದ ತಮ್ಮ ಕಾರ್ಡು ತೆಗೆದು ಮೇಜಿನ ಮೇಲೆ ಬಡಿದರು. ಮಗಳ ಹೊರದೇಶದ ಕಾಲೇಜಿನ ಅರ್ಜಿಗೆಂದು ಮಾಡಿಸಿದ ಕಾರ್ಡು. ಮಹಬೂಬೀಯ ಕಣ್ಣೆದುರೇ ಹನುಮೇಶ ಕಂಪ್ಯೂಟರಿನಲ್ಲಿ ಒಂದೊಂದೇ ನಂಬರು ತುಂಬಿದ. ಮೊದಲು ಕನಕಮ್ಮನದು, ಆಮೇಲೆ ಉಳಿದವರದು. ಥಾಯ್ಲೆಂಡ್, ಶ್ರೀಲಂಕಾ ಎರಡೂ. ಒಟಿಪಿ ಬಂದಾಗಲೆಲ್ಲ ಗದ್ದೆಪ್ಪ ಅದನ್ನು ಬೈಗುಳದಂತೆ ಓದಿ ಹೇಳಿದರು.

ವಿಶಾಖಾ ತನ್ನ ಫೋನನ್ನೇ ನೋಡುತ್ತ ನಿಂತಿದ್ದಳು. ಮೂರು ದಿನದಿಂದ ಕಳಿಸಿದ ಮೆಸೇಜುಗಳ ಕೆಳಗೆ ಒಂದೊಂದೇ ಟಿಕ್ ಗುರುತು ಇತ್ತು. ನೋಡನೋಡುತ್ತಿದ್ದಂತೆ ಅವು ಎರಡಾದವು. ಅವಳು ಕಾಲ್ ಒತ್ತಿದಳು.

ಬಹಳ ಹೊತ್ತಿಗೆ ಒಂದು ಬಿಳಿ ಗೋಡೆ ಕಂಡಿತು, ಆಮೇಲೆ ಸೊರಗಿದ ಕನಕಮ್ಮನ ಮುಖ. ಎರಡು ದಿನದಿಂದ ತಲೆ ಸುತ್ತಿ ಮಲಗಿದ್ದಳಂತೆ.

"ಯವ್ವಾ, ಗುಳಗಿ ತಗೊಂಡೇನ?"

"ನೀ ಹೇಳಬೇಕಲ್ಲ," ಎಂದು ಕನಕಮ್ಮ ತಲೆದಿಂಬಿನ ಕೆಳಗಿಂದ ಪಟ್ಟಿ ತೆಗೆದು ಪರದೆಯ ಮುಂದೆ ಹಿಡಿದಳು. "ಇದೋ, ಅದೋ?"

ಗದ್ದೆಪ್ಪ ಆ ಕಡೆ ಮುಖ ತಿರುಗಿಸಿ, ಗೋಡೆಗೆ ನೇತುಹಾಕಿದ್ದ ಫೋನಿನ ಕವರುಗಳನ್ನು ಎಣಿಸುವವರಂತೆ ನಿಂತರು. ಮಹಬೂಬೀ ಹತ್ತಿರ ಬಂದಾಗ, ನೀನು ತಡೆಯದಿದ್ದರೆ ಎಲ್ಲ ಕೆಡಿಸಿಬಿಡುತ್ತಿದ್ದೆ ಎಂದರು. ಹತ್ತು ವರ್ಷದಲ್ಲಿ ಅವಳು ಅವರಿಂದ ಕೇಳಿದ ಮೊದಲ ಒಳ್ಳೆಯ ಮಾತು ಅದು.

ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ವಂಚನೆಯ ಆರೋಪದಡಿ ಹನುಮೇಶನನ್ನು ಬಂಧಿಸಲಾಯಿತು. ಜೀಪು ಹತ್ತುವಾಗ ಅವನು ತಡೆದು ನಿಂತ.

"ಇನ್ನೂ ಆರು ಮನಿಗೆ ಕೊಟ್ಟಿಲ್ರಿ. ಕಾಯಾಕತ್ತಿರತಾರ."

"ಅವರಿಗೂ ಫೋನ್ ಹೋಗ್ಯಾವ. ಇನ್ನ ನಿನ್ನ ಮಿಸ್ ಕಾಲ್ ಬೇಕಾಗಿಲ್ಲ. ಹತ್ತು."

ಸಿರವಾರ ದಾಟಿದ ಮೇಲೆ, ಮೋಸ ಮಾಡಿದವನು ಮಿಸ್ ಕಾಲ್ ಯಾಕೆ ಕೊಟ್ಟೆ ಎಂದು ಗದ್ದೆಪ್ಪ ಕೇಳಿದರು. ಹನುಮೇಶ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ. ಅವನ ಅಣ್ಣ ಗಲ್ಫಿಗೆ ಆಡು ಕಾಯಲು ಹೋಗಿದ್ದ. ಅಲ್ಲಿನ ಮಾಲೀಕರು ಫೋನು ಕಸಿದುಕೊಂಡಿದ್ದರು. ಅವ್ವ ಉಣ್ಣುವಾಗಲೂ ಫೋನನ್ನು ಮಡಿಲಲ್ಲಿಟ್ಟುಕೊಂಡೇ ಕೂಡುತ್ತಿದ್ದಳು. ಅಣ್ಣ ತಿರುಗಿ ಬರುವಷ್ಟರಲ್ಲಿ ಅವಳಿರಲಿಲ್ಲ.

"ಒಂದು ಮಿಸ್ ಕಾಲ್ ಬಂದಿದ್ರ ನಾಕು ತುತ್ತು ಉಣ್ತಿದ್ಳ್ರಿ," ಎಂದ.

ಗದ್ದೆಪ್ಪ ಬೈಯಲಿಲ್ಲ.

ಯಾತ್ರೆ ಮುಗಿಸಿ ಬಂದ ಕನಕಮ್ಮ ಮಗಳ ಜೊತೆ ಠಾಣೆಗೆ ಬಂದಳು. ಅನುರಾಧಪುರದ ಬೋಧಿವೃಕ್ಷದ ಕೆಳಗೆ ಬಿದ್ದ ಎರಡು ಎಲೆಗಳನ್ನು ಮೇಜಿನ ಮೇಲಿಟ್ಟಳು.

"ಒಂದು ನಿಮಗ, ಸಾಹೇಬ್ರ. ನಿಮ್ಮಿಂದ ಮರ ನೋಡಿದೆ. ಇನ್ನೊಂದು ಆ ಹುಡುಗಗ ಮುಟ್ಟಿಸ್ರಿ."

"ಅವ ನಿಮಗ ಮೋಸ ಮಾಡ್ಯಾನವಾ."

"ಮಾಡ್ಯಾನ, ಅದಕ್ಕ ನೀವು ಹಿಡದೀರಿ. ಆದ್ರ ಅವ ಮಿಸ್ ಕಾಲ್ ಕೊಡದ ಸುಮ್ಮನಿದ್ದಿದ್ರ, ನೀವು ಅವನ್ನ ಎಲ್ಲಿ ಹುಡುಕ್ತಿದ್ರಿ?"

ಗದ್ದೆಪ್ಪ ಒಂದು ಎಲೆಯನ್ನು ಮೇಜಿನ ಗಾಜಿನಡಿ ಇಟ್ಟರು. ಇನ್ನೊಂದನ್ನು ಕಾಗದದಲ್ಲಿ ಸುತ್ತಿ, ಮೇಲೆ ಹನುಮೇಶನ ಹೆಸರು ಬರೆದರು.