ಬಾಗಿಲಲ್ಲೇ ಬರೆದ ಕಾಯಿಲೆ

ಆಗಸ್ಟ್ ಕೊನೆಯ ವಾರ. ಲೆಮ್ವಿಗ್ ಊರಿನ ಸುತ್ತಿನ ಬಾರ್ಲಿ ಹೊಲಗಳಲ್ಲಿ ಇಬ್ಬನಿ ಆರುವುದನ್ನೇ ಕಾದಿದ್ದ ಕಟಾವು ಯಂತ್ರಗಳು ಒಂದೊಂದಾಗಿ ಇಳಿಯುತ್ತಿದ್ದವು. ಬೆಳಿಗ್ಗೆ ಹತ್ತು ಗಂಟೆಗೆ ಗ್ರೆಥೆ ಓವರ್‌ಗೋರ್ ಎಂಬ ರೈತ ಹೆಂಗಸು ಮೈಮೇಲಿನ ಹೊಟ್ಟನ್ನೂ ಕೊಡವದೆ ಠಾಣೆಗೆ ಬಂದರು. ಇನ್‌ಸ್ಪೆಕ್ಟರ್ ಬೋಡಿಲ್ ಕ್ರಾಗ್ ಕಾಫಿ ಬಗ್ಗಿಸಿ ಮುಂದಿಟ್ಟರು.

"ನನ್ನ ಗಂಡ ಐನರ್ ಹುಲ್ಲಿನ ಬಂಡಿಯಿಂದ ಬಿದ್ರು. ತಲೆಯೊಳಗೆ ರಕ್ತ ಸೋರಿ ಮಾತು ಹೋಯ್ತು. ರಕ್ತ ತೆಳು ಮಾಡೋ ಗುಳಿಗೆ ನುಂಗ್ತಿದ್ರಲ್ಲ, ಅದಕ್ಕೇ ಇಷ್ಟಾದದ್ದು. ಈಗ ತಲೆ ವಾಸಿಯಾದ ಮೇಲೆ ಮತ್ತೆ ಅದನ್ನೇ ಕೊಡ್ತಾರಂತೆ. ಇನ್ನೊಂದು ಸಲ ಬಿದ್ರೆ ಉಳಿಯಲ್ಲ."

"ಗುಳಿಗೆ ಯಾಕೆ ಕೊಟ್ರು?"

"ಹಿಂದೊಮ್ಮೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು ಅಂತ ಆಸ್ಪತ್ರೆ ದಾಖಲೇಲಿದೆ. ಹೆಪ್ಪೂ ಇಲ್ಲ, ಏನೂ ಇಲ್ಲ! ಹಸು ಗೋಡೆಗೆ ಒತ್ತಿ ಪಕ್ಕೆ ನೋವಾಗಿತ್ತು."

"ಖಾತ್ರಿಯಾ?"

"ಎದುರಿಗೇ ಇದ್ದೆ ಕಣಮ್ಮ. ಹಸೂನೂ ಕರ್ಕೊಂಡು ಬರಲಾ?"

ಕಾನ್‌ಸ್ಟೆಬಲ್ ಟ್ರೋಲ್ಸ್ ನಗು ನುಂಗಿಕೊಂಡು ಎಫ್‌ಐಆರ್ ಬರೆದ.

ಮರುದಿನ ಬೋಡಿಲ್ ಮತ್ತು ಟ್ರೋಲ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರು. ದಾಖಲಾತಿ ಮೇಜಿನ ಲಿಸ್ಬೆತ್ ಮುಚ್ಚಿಡಲಿಲ್ಲ.

"ಹೆಪ್ಪು ಅಂತ ಬರೆದದ್ದು ನಾನೇ. ಡಾಕ್ಟರಿಗೆ ಅನುಮಾನ ಬಂತು. ಕಾಯಿಲೆ ಹೆಸರು ಹಾಕದೆ ಕಂಪ್ಯೂಟರ್ ಹಾಸಿಗೆ ಕೊಡಲ್ಲ. ಅನುಮಾನಕ್ಕೆ ಬೇರೆ ಖಾನೆ ಇದೆ, ಅದನ್ನ ಹುಡುಕ್ತಾ ಕೂತ್ರೆ ಬಾಗಿಲಲ್ಲಿ ಜನ ಬಯ್ತಾರೆ."

"ಆಮೇಲೆ ಮಾಡಿದ ಸ್ಕ್ಯಾನಲ್ಲಿ ಏನೂ ಇಲ್ಲ ಅಂತ ಬಂದ ಮೇಲೆ?"

"ವಾರ್ಡಿನವರು ತೆಗೀತಾರೆ ಅಂತ ನಾವು. ನಾವು ತೆಗೀತೀವಿ ಅಂತ ವಾರ್ಡಿನವರು."

ಇದು ತಪ್ಪು, ಅಪರಾಧವಲ್ಲ. ಆದರೆ ಹಿಂದಿನ ವರ್ಷ ಇಂಥ ದಾಖಲೆಗಳು ನಿಜವೇ ಎಂದು ನೋಡಲು ಆಸ್ಪತ್ರೆ ಅಸ್ಗರ್ ವಿಂಥರ್ ಎಂಬ ಡಾಕ್ಟರನ್ನು ನೇಮಿಸಿತ್ತು. ಒಬ್ಬೊಬ್ಬ ರೋಗಿಯ ಕಡತವನ್ನೂ ಓದಿ ಅವರು ಷರಾ ಬರೆಯಬೇಕು. ಐನರ್ ಹೆಸರಿನ ಮುಂದೆ 'ಖಚಿತ' ಎಂದಿತ್ತು. ಅದನ್ನು ನಂಬಿಯೇ ಊರಿನ ವೈದ್ಯರು ಗುಳಿಗೆ ಶುರುಮಾಡಿದ್ದರು.

"ಓದದೇ ಬರೆದಿರ್ತಾನೆ, ಸೋಮಾರಿ," ಎಂದ ಟ್ರೋಲ್ಸ್.

ಮಹಜರು ನಡೆಸಿ ವಿಂಥರ್ ಅವರ ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡರು. ಯಾವ ಕಡತ ಯಾವಾಗ ತೆರೆದದ್ದು ಎಂಬುದೆಲ್ಲ ಅದರಲ್ಲಿತ್ತು. ಬೋಡಿಲ್ ಪರದೆಯನ್ನು ಬಹಳ ಹೊತ್ತು ನೋಡಿದರು.

"ಸೋಮಾರಿ ಅಲ್ಲ ಕಣಯ್ಯ. ಪ್ರತಿಯೊಂದನ್ನೂ ತೆಗೆದು ಓದಿದಾನೆ. ಸ್ಕ್ಯಾನ್ ವರದೀನೂ ನೋಡಿದಾನೆ. ಓದಿ ಓದಿ ಸುಳ್ಳು ಬರೆದಿದಾನೆ."

"ದುಡ್ಡಿಗಾ?"

"ಇದರಲ್ಲಿ ಯಾರಿಗೆ ಏನು ಸಿಗುತ್ತೆ, ಹೇಳು?"

ಸೆಪ್ಟೆಂಬರ್ ಎರಡರಂದು ಬೋಡಿಲ್ ವಿಂಥರ್ ಅವರನ್ನು ಠಾಣೆಗೆ ಕರೆಸಿದರು.

"ಐನರ್ ಸ್ಕ್ಯಾನ್ ನೋಡಿದ್ರಾ?"

"ನೋಡಿದೆ."

"ಹೆಪ್ಪಿತ್ತಾ?"

"ಇರಲಿಲ್ಲ."

"ಮತ್ತೆ?"

ವಿಂಥರ್ ಕನ್ನಡಕ ತೆಗೆದರು. "ತುರ್ತು ವಿಭಾಗದ ಬಾಗಿಲಲ್ಲಿ ಬರೆದ ಪ್ರತಿ ಮೂರು ಹೆಪ್ಪಲ್ಲಿ ಒಂದು ಸುಳ್ಳಿತ್ತು. ಹಾಗಂತ ವರದಿ ಕೊಟ್ರೆ ನಾಳೆಯಿಂದ ಡಾಕ್ಟರುಗಳು ಅನುಮಾನ ಪಡೋದನ್ನೇ ಬಿಡ್ತಾರೆ. ನನ್ನ ತಂಗಿ ಸಿನ್ನೆ ಎದೆನೋವು ಅಂತ ಹೋದ್ಲು. ಉಳುಕು ಅಂತ ವಾಪಸ್ ಕಳಿಸಿದ್ರು. ಮನೆ ಮೆಟ್ಟಿಲ ಮೇಲೇ ಸತ್ಲು. ಹೆಪ್ಪು."

"ನಿಮ್ಮ ಷರಾ ನಂಬಿ ಯಾರಾದ್ರೂ ಗುಳಿಗೆ ಕೊಟ್ಟಾರು ಅಂತ ಅನ್ನಿಸಲಿಲ್ವಾ?"

"ಅಂಕಿಅಂಶಕ್ಕೆ ಮಾತ್ರ ಅಂದ್ಕೊಂಡಿದ್ದೆ. ರೋಗಿಯ ಕಡತಕ್ಕೂ ಹೋಗುತ್ತೆ ಅಂತ ಗೊತ್ತಿರಲಿಲ್ಲ."

ಸುಳ್ಳು ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ಅವರ ಬಂಧನವಾಯಿತು. ಅದೇ ಮಧ್ಯಾಹ್ನ ಆಸ್ಪತ್ರೆಯವರು ವಿಂಥರ್ ಸುಳ್ಳು 'ಖಚಿತ' ಬರೆದಿದ್ದ ಉಳಿದ ರೋಗಿಗಳಿಗೆ ಫೋನ್ ಮಾಡತೊಡಗಿದರು.

ಸಂಜೆ ಬೋಡಿಲ್ ಕೊಟ್ಟಿಗೆಗೇ ಹೋಗಿ ಗ್ರೆಥೆಗೆ ಸುದ್ದಿ ಮುಟ್ಟಿಸಿದರು. ಐನರ್ ಕಡತದಿಂದ ಹೆಪ್ಪನ್ನು ತೆಗೆದಿದ್ದಾರೆ, ಗುಳಿಗೆ ಇನ್ನಿಲ್ಲ. ಸಿನ್ನೆಯ ವಿಷಯವನ್ನೂ ಹೇಳಿದರು. ಗ್ರೆಥೆ ಹಸುವಿನ ಕೆಚ್ಚಲು ಒರೆಸುತ್ತ ಕೇಳಿಸಿಕೊಂಡರು.

"ಆ ಹುಡುಗೀನ ಮನೆಗೆ ಕಳಿಸಿದ ಡಾಕ್ಟರನ್ನ ಹಿಡಿದ್ರಾ?"

"ಇಲ್ಲ. ಯಾರೂ ದೂರು ಕೊಟ್ಟಿರಲಿಲ್ಲ."

"ಹಂಗಾದ್ರೆ ಆ ಡಾಕ್ಟರ ಸಾಲಾನ ವಿಂಥರ್ ನನ್ನ ಗಂಡನ ಹತ್ರ ವಸೂಲಿ ಮಾಡ್ಕೊಂಡ್ರು ಅನ್ನಿ," ಎಂದು ಗ್ರೆಥೆ ಬಟ್ಟೆ ಹಿಂಡಿ, ಪಕ್ಕದ ಹಸುವಿನ ಬಳಿ ಕುಕ್ಕರುಗಾಲಲ್ಲಿ ಕೂತರು.