ಇಪ್ಪತ್ತಾರು ನಿಮಿಷದ ಅನುಮಾನ

“ಒಂದ್ನಿಮಿಷ… ನಿಮ್ಮ ಶೂ ತೋರಿಸಿ!”

ಎಂಟು ಕಿಲೋಮೀಟರ್ ಓಡಿ, ಎಲ್ಲರಿಗಿಂತ ಕೊನೆಗೆ ಬಂದು, ಓಟದ ಕ್ಲಬ್ಬಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ ಹೊಸಬ ತಲೆಯೆತ್ತಿದ. ಎದುರಿಗೆ ನೆರಿಡಾ ಪಾಸ್ಕೋ ನಿಂತಿದ್ದಳು. ಕುತ್ತಿಗೆಯಲ್ಲಿ ಸ್ಟಾಪ್‌ವಾಚ್, ಕೈಯಲ್ಲಿ ಪಟ್ಟಿ, ಕಣ್ಣಲ್ಲಿ ಪೊಲೀಸರ ನೋಟ.

“ಶೂ ಯಾಕೆ? ಏನಾದ್ರೂ ತುಳಿದ್ನಾ?” ಅವನು ಏದುಸಿರು ಬಿಡುತ್ತಲೇ ನಕ್ಕ.

ಆ ನಗುವಿಗೆ ಅವಳ ಎದೆ ಒಂದು ಕ್ಷಣ ತಪ್ಪಿ ಬಡಿಯಿತು. ಅದಕ್ಕೇ ಅವಳ ದನಿ ಇನ್ನಷ್ಟು ಗಡಸಾಯಿತು.

“ತೋರಿಸಿ ಅಂದೆ.”

ಅವನು ಕಾಲೆತ್ತಿದ. ನೆರಿಡಾ ಬಗ್ಗಿ ಅಡಿ ನೋಡಿದಳು. ನಿಧಾನವಾಗಿ ಓಡುವವರ ಶೂ ಸಾಮಾನ್ಯವಾಗಿ ಹಿಮ್ಮಡಿಯ ಕಡೆ ಸವೆದಿರುತ್ತದೆ. ಇವನದು ಸವೆದಿದ್ದು ಮುಂಗಾಲಿನಲ್ಲಿ! ಗಾಳಿಯಂತೆ ಹೋಗುವವರ ಸವೆತ. ಲೇಸನ್ನೂ ಮೇಲಿನ ತೂತಿನ ತನಕ ಎಳೆದು, ಹಿಮ್ಮಡಿ ಅಲುಗದಂತೆ ಬಿಗಿದಿದ್ದ. ಹೊಸಬರಿಗೆ ಗೊತ್ತಿರುವ ಗಂಟಲ್ಲ ಅದು. ಸಾಲದ್ದಕ್ಕೆ ಎರಡೆರಡು ಜೊತೆ ಕಾಲುಚೀಲ!

“ನಿಮ್ಮ ನಿಜವಾದ ಟೈಮ್ ಎಷ್ಟು?”

“ನೀವೇ ನೋಡಿದ್ರಲ್ಲ. ಐವತ್ತಾರು ನಿಮಿಷ. ಸತ್ರೂ ಅದಕ್ಕಿಂತ ಬೇಗ ಆಗಲ್ಲ.”

‘ಸುಳ್ಳು!’ ಎಂದಿತು ಅವಳ ಮನಸ್ಸು.

ಕಡಲತಡಿಯ ನಮ್ಮೂರು ಕಟ್ಲರ್ಸ್ ಪಾಯಿಂಟ್‌ನಲ್ಲಿ ಈ ಅನುಮಾನ ನೆರಿಡಾಳ ಕೆಲಸವೂ ಆಗಿತ್ತು. ನಮ್ಮೂರ ಓಟ ಅಂತರದ ಓಟ. ನಿಧಾನದವರು ಮೊದಲು ಹೊರಡುತ್ತಾರೆ, ವೇಗದವರು ಅಷ್ಟಷ್ಟು ನಿಮಿಷ ಕಾದು ಆಮೇಲೆ ಹೊರಡುತ್ತಾರೆ. ಲೆಕ್ಕ ಸರಿಯಾಗಿದ್ದರೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೆ ಗೆರೆ ಮುಟ್ಟುತ್ತಾರೆ, ಎಪ್ಪತ್ತರ ಅಜ್ಜನೂ ಕಪ್ ಗೆಲ್ಲಬಹುದು. ಆದರೆ ಯಾರಾದರೂ ವಾರಗಟ್ಟಲೆ ಬೇಕೆಂದೇ ನಿಧಾನ ಓಡಿ, ಮೊದಲೇ ಹೊರಡುವ ಅವಕಾಶ ಗಿಟ್ಟಿಸಿ, ಕಪ್ಪಿನ ದಿನ ಕುದುರೆಯಂತೆ ಓಡಿದರೆ? ಇಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಕ್ಲಬ್ಬಿನ ಗೋಡೆಯ ಮೇಲೆ ಗೆದ್ದವರ ಹೆಸರಿನ ಹಲಗೆ ಇದೆ. ಅದರಲ್ಲಿ ಒಂದು ಹೆಸರನ್ನು ಬಣ್ಣ ಬಳಿದು ಮುಚ್ಚಿದ್ದಾರೆ. ಅದು ನೆರಿಡಾಳ ಅಪ್ಪನ ಹೆಸರು. ಆಗ ಅವಳಿಗೆ ಹನ್ನೊಂದು ವರ್ಷ. ಅಪ್ಪ ನಿಜಕ್ಕೂ ಮೋಸ ಮಾಡಿದ್ದ, ಮನೆಯಲ್ಲೂ ನಗುನಗುತ್ತಲೇ ಸುಳ್ಳು ಹೇಳಿದ್ದ. ಅಂದಿನಿಂದ ನಗುವ ಗಂಡಸರನ್ನು ಅವಳು ಎರಡೆರಡು ಸಲ ಅಳೆಯುತ್ತಾಳೆ. ಯಾರು ಯಾವಾಗ ಹೊರಡಬೇಕೆಂಬ ಪಟ್ಟಿ ಬರೆಯುವ ಕೆಲಸವನ್ನು, ಮೊದಲು ಅದನ್ನು ಮಾಡುತ್ತಿದ್ದ ಬೆರಿಲ್ ಆಂಟಿ ಅವಳಿಗೆ ವಹಿಸಿದ್ದೂ ಅದಕ್ಕೇ.

“ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಕಣೇ,” ಎಂದರು ಎಪ್ಪತ್ನಾಲ್ಕರ ಬೆರಿಲ್ ಆಂಟಿ, ಹೊಸಬನಿಗೆ ಬಿಸಿ ಸೂಪ್ ಬಗ್ಗಿಸುತ್ತಾ. “ಪಾಪ, ಆ ಹುಡುಗ ಉಸಿರು ಬಿಡೋಕಾಗದೆ ಸಾಯ್ತಿದಾನೆ. ನೀನು ಶೂ ಅಡಿ ನೋಡ್ತಿದೀಯ!”

“ನಾಟಕ ಆಂಟಿ. ನೋಡ್ತಿರಿ ಬೇಕಾದ್ರೆ.”

ಅವನ ಹೆಸರು ಕ್ಯಾಲಮ್. ಡೇರಿಗಳಲ್ಲಿ ಹಾಲು ಕರೆಯುವ ಯಂತ್ರಗಳ ರಿಪೇರಿಗೆ ಬಂದವನು. ಅವನನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕೆಂದು ನೆರಿಡಾ ಒಂದು ಉಪಾಯ ಹೂಡಿದಳು.

“ಬೆಳಿಗ್ಗೆ ಐದೂಮುಕ್ಕಾಲಿಗೆ ಬೀಚಿನಲ್ಲಿ ಓಡ್ತೀನಿ. ಬರೋದಾದ್ರೆ ಬನ್ನಿ.”

ಮರುದಿನ ಅವಳಿಗಿಂತ ಮುಂಚೆ ಬಂದು ನಿಂತಿದ್ದ! ಆಮೇಲೆ ಏಳು ವಾರ, ಒಂದು ದಿನವೂ ತಪ್ಪಲಿಲ್ಲ.

ಚಳಿಗಾಲದ ಸಮುದ್ರದ ಗಾಳಿ ಮುಖಕ್ಕೆ ಉಪ್ಪು ಎರಚುತ್ತಿತ್ತು. ಒದ್ದೆ ಮರಳು, ಹಣೆಗೆ ಕಟ್ಟಿದ ದೀಪ, ಕೈಗವಸಿನಲ್ಲೇ ಮೂಗು ಒರೆಸಿಕೊಳ್ಳುವ ಕರ್ಮ. ಏಳೂಕಾಲಿಗೆ ಅವಳು ಶಾಲಾ ಬಸ್ ಓಡಿಸಲು ಹೊರಡಬೇಕು. ಅಷ್ಟರೊಳಗೆ ಬಸ್ಸಿನ ಮೆಟ್ಟಿಲ ಮೇಲೆ ಕೂತು ಒಂದೇ ಫ್ಲಾಸ್ಕಿನಿಂದ ಮೈಲೋ ಎಂಬ ಬಿಸಿ ಚಾಕೊಲೇಟ್ ಪಾನೀಯ ಇಬ್ಬರೂ ಹಂಚಿಕೊಂಡು ಕುಡಿಯುತ್ತಿದ್ದರು. ಬೇಹುಗಾರಿಕೆಗೆ ಹೊರಟವಳು ನಾಲ್ಕನೇ ವಾರಕ್ಕೆ ತುಟಿಗೆ ಬಣ್ಣ ಹಚ್ಚಿ ಓಡಲು ಬಂದಳು! ಕತ್ತಲಲ್ಲಿ ಅದು ಯಾರಿಗೆ ಕಾಣಬೇಕಿತ್ತೋ, ಅವಳನ್ನೇ ಕೇಳಬೇಕು.

“ಹಿಮ್ಮಡಿ ಉಜ್ಜುತ್ತಾ ನಿಂಗೆ?” ಒಂದು ದಿನ ಅವನು ಕುಂಟುವುದನ್ನು ಕಂಡು ಕೇಳಿದಳು. ‘ನೀವು’ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ಗೊತ್ತಾಗಿರಲಿಲ್ಲ.

“ಸ್ವಲ್ಪ.”

“ಹೊಸ ಶೂ ತಗೋ ಮಾರಾಯ.”

“ಇದು ಮುಗಿಯೋ ತನಕ ಇಲ್ಲ.” ಹಾಗೆಂದವನು ಮುಖ ತಿರುಗಿಸಿಕೊಂಡ.

ಮತ್ತೊಂದು ಬೆಳಿಗ್ಗೆ ಮೈಲೋ ಲೋಟ ಕೊಡುವಾಗ ಅವನ ಬೆರಳು ಅವಳ ಬೆರಳಿಗೆ ತಾಕಿತು. ಇಬ್ಬರೂ ಕೈ ತೆಗೆಯಲಿಲ್ಲ.

“ನೆರಿಡಾ…”

“ಹ್ಞೂಂ?”

“ಕಪ್ಪಿನ ದಿನ ನನ್ನನ್ನ ಎಷ್ಟು ಮುಂಚೆ ಬಿಡ್ತೀಯಾ?”

ಅವನು ಕಣ್ಣು ಮಿಟುಕಿಸಿ ತಮಾಷೆಗೆ ಕೇಳಿದ್ದು. ಅವಳೂ ನಕ್ಕಳು. ಆದರೆ ಬಸ್ ಓಡಿಸುವಾಗ ಆ ಮಾತು ಬೂಟಿನೊಳಗಿನ ಹರಳಿನಂತೆ ಚುಚ್ಚತೊಡಗಿತು. ‘ಈ ಏಳು ವಾರವೂ… ಪಟ್ಟಿ ಬರೆಯುವವಳನ್ನು ಒಲಿಸಿಕೊಳ್ಳುವುದಕ್ಕೇನಾ?’

ಛೇ! ಇರಲಾರದು ಎಂದುಕೊಂಡಳು.

ಕಪ್ಪಿಗೆ ಎರಡು ದಿನ ಮೊದಲು, ಗುರುವಾರ ಸಂಜೆ, ಕ್ಯಾಲಮ್ ಕ್ಲಬ್ಬಿನ ಸಿಂಕಿನ ಹತ್ತಿರ ವಾಚು ಬಿಚ್ಚಿಟ್ಟು ಕೈ ತೊಳೆದು, ಮರೆತು ಹೊರಗೆ ಹೋದ. ಕೊಡೋಣವೆಂದು ನೆರಿಡಾ ಅದನ್ನು ಎತ್ತಿಕೊಂಡಳು. ಬೆರಳು ಗುಂಡಿಗೆ ತಾಕಿತು. ಓಡುವವರ ವಾಚು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ಪರದೆಯ ಮೇಲೆ ಅಕ್ಷರ ಮೂಡಿತು.

ಎಂಟು ಕಿಲೋಮೀಟರ್. ಅತಿ ವೇಗದ ಓಟ: ಇಪ್ಪತ್ತೊಂಬತ್ತು ನಿಮಿಷ, ನಲವತ್ತು ಸೆಕೆಂಡು.

ಊರಲ್ಲಿ ಯಾರೂ ಅಷ್ಟು ಬೇಗ ಓಡುವುದಿಲ್ಲ. ಬೀಚು, ಮೈಲೋ, ತಾಕಿದ ಬೆರಳು, ಎಲ್ಲವೂ ಒಟ್ಟಿಗೆ ಅವಳನ್ನು ನೋಡಿ ನಕ್ಕಂತಾಯಿತು. ಅಪ್ಪನೂ ಹೀಗೇ ನಗುತ್ತಿದ್ದ.

ಅವಳು ಮೇಜಿಗೆ ಕೂತು ಪಟ್ಟಿ ಮುಗಿಸಿ ಗೋಡೆಗೆ ಚುಚ್ಚಿದಳು. ಸೊನ್ನೆ ನಿಮಿಷಕ್ಕೆ, ಎಲ್ಲರಿಗಿಂತ ಮೊದಲು ಹೊರಡಬೇಕಿದ್ದ ಕ್ಯಾಲಮ್ ಹೆಸರು ಕಟ್ಟಕಡೆಯಲ್ಲಿತ್ತು. ಇಪ್ಪತ್ತಾರು ನಿಮಿಷ ಕಾದು ಹೊರಡಬೇಕು. ಅದರ ಅರ್ಥ ಊರಿಗೆಲ್ಲ ಗೊತ್ತು: ಇವನು ಕಳ್ಳ.

ಜನ ಗುಸುಗುಸು ಶುರು ಮಾಡಿದರು. ವಾಚಿಗಾಗಿ ಮರಳಿ ಬಂದ ಕ್ಯಾಲಮ್ ಪಟ್ಟಿ ಓದಿ, ಅವಳತ್ತ ತಿರುಗಿದ.

“ಇದೇನು?”

“ನಿಮಗೇ ಗೊತ್ತಿರಬೇಕಲ್ಲ.” ಅವಳು ವಾಚು ಚಾಚಿದಳು. “ಇಪ್ಪತ್ತೊಂಬತ್ತು ನಲವತ್ತು. ಇದು ಯಾರ ಟೈಮು?”

ಅವನು ಬೆಚ್ಚಿ ಮಣಿಕಟ್ಟು ಮುಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ!

“ಹೇಳೋಕಾಗಲ್ಲ ನೆರಿಡಾ. ಒಬ್ಬರಿಗೆ ಮಾತು ಕೊಟ್ಟಿದೀನಿ.”

“ಎಷ್ಟು ಚೆನ್ನಾಗಿ ಹೇಳ್ತೀರಿ!” ಅವಳ ದನಿ ಒಡೆಯಿತು. “ಬೀಚಲ್ಲಿ ನನ್ನ ಜೊತೆ ಓಡಿದ್ದೂ ಇದಕ್ಕೇನಾ?”

ಅವನು ಅವಳ ಕೈಯಿಂದ ವಾಚು ತೆಗೆದುಕೊಂಡ.

“ಮೊದಲನೇ ದಿನ ಕೇಳಿದ್ರಿ, ನಿಜ ಹೇಳಿದ್ದೆ. ಇವತ್ತೂ ಅದೇ ನಿಜ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನೀವು ಹಾಕಿದ ಜಾಗದಿಂದಲೇ ಓಡ್ತೀನಿ.”

‘ನೀವು’ ಎಂಬ ಆ ಒಂದು ಮಾತು ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

“ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ,” ಎಂದು ಬೆರಿಲ್ ಆಂಟಿ ಗೊಣಗಿದರು. ನೆರಿಡಾ ಕೇಳಿಸಿಕೊಳ್ಳಲಿಲ್ಲ. ಆ ರಾತ್ರಿ ಅವಳಿಗೆ ಒಂದೇ ಪ್ರಾರ್ಥನೆ. ‘ನನ್ನ ಅನುಮಾನ ಸುಳ್ಳಾಗಲಿ ದೇವರೇ…’ ಸುಳ್ಳಾದರೆ, ತಪ್ಪಿಲ್ಲದವನಿಗೆ ಊರೆದುರು ಮಸಿ ಬಳಿದವಳು ಅವಳೇ. ನಿಜವಾದರೆ, ಅವಳು ಪ್ರೀತಿಸಿದವನು ಇನ್ನೊಬ್ಬ ಅಪ್ಪ. ಎರಡರಲ್ಲಿ ಯಾವುದಾದರೂ ಅವನು ಕೈತಪ್ಪಿ ಹೋದಂತೆಯೇ.

ಶನಿವಾರ. ತುಂತುರು ಮಳೆ, ಕೆಸರು. ಪಟ್ಟಿ ಬರೆಯುವವಳು ಓಡುವಂತಿಲ್ಲ, ಹಾಗಾಗಿ ನೆರಿಡಾ ಗಂಬೂಟು ಹಾಕಿ ಗೆರೆಯ ಪಕ್ಕ ನಿಂತು ಒಬ್ಬೊಬ್ಬರನ್ನೇ ಕಳುಹಿಸಿದಳು. ಕೊನೆಗೆ ಗೆರೆಯ ಮೇಲೆ ಉಳಿದದ್ದು ಕ್ಯಾಲಮ್ ಒಬ್ಬನೇ. ಅವನು ಅವಳತ್ತ ನೋಡಲಿಲ್ಲ. ಬಗ್ಗಿ ಲೇಸು ಬಿಗಿದುಕೊಂಡ.

‘ಒಂದು ಮಾತು ಹೇಳಬಾರದಾ? ಬೈದಾದರೂ ಬಿಡಬಾರದಾ!’

“ಇಪ್ಪತ್ತಾರು… ಹೊರಡಿ!”

ಅವನು ಹೊರಟ. ನೆರಿಡಾ ಕಣ್ಣು ಕಿರಿದಾಗಿಸಿ ನೋಡಿದಳು. ಈಗಲಾದರೂ ನಿಜವಾದ ಓಟ ಹೊರಬೀಳುತ್ತದೆ! ಆದರೆ ಅವನು ಅದೇ ಹಳೆಯ ಆಮೆ ನಡಿಗೆಯಲ್ಲಿ ಬೇಲಿ ದಾಟಿ, ದೀಪಸ್ತಂಭದ ಏರು ಹತ್ತಿ ಮರೆಯಾದ.

‘ಇನ್ನೂ ನಾಟಕ!’

ಐವತ್ತೈದನೇ ನಿಮಿಷಕ್ಕೆ ಜನ ಬರತೊಡಗಿದರು. ಅಂಚೆಯವಳು ಕಪ್ ಗೆದ್ದಳು. ಎಲ್ಲರೂ ಸ್ಕಾಲಪ್ ಎಂಬ ಚಿಪ್ಪುಮೀನಿನ ಪೈ ತಿನ್ನಲು ಕೊಠಡಿಗೆ ನುಗ್ಗಿದರು. ಕ್ಯಾಲಮ್ ಸುಳಿವಿಲ್ಲ.

ಆಗ ಬಿಳಿ ವ್ಯಾನೊಂದು ಬಂದು ನಿಂತಿತು. ಗಾಲಿಕುರ್ಚಿಯಲ್ಲಿ ಕೂತ ಗಂಡಸೊಬ್ಬ ಕೆಸರಿನಲ್ಲಿ ಚಕ್ರ ತಿರುಗಿಸಿಕೊಂಡು ಅವಳ ಹತ್ತಿರವೇ ಬಂದ. ಕ್ಯಾಲಮ್‌ನದೇ ಮೂಗು, ಅದೇ ನಗು.

“ತಡ ಆಗೋಯ್ತು. ನನ್ನ ಶೂ ಬಂತಾ?”

“ನಿಮ್ಮ… ಶೂ?”

“ನೀಲಿ ಶೂ ಕಣಮ್ಮಾ. ಒಳಗೆ ನನ್ನ ತಮ್ಮ ಇರ್ತಾನೆ, ಕುಂಟ್ಕೊಂಡು ಬರ್ತಿರ್ತಾನೆ.” ಅವನು ಕೈ ಚಾಚಿದ. “ನಾನು ಡಂಕನ್.”

ನೆರಿಡಾ ಅವನ ಕೈ ಕುಲುಕುವುದನ್ನೂ ಮರೆತಳು. “ಆ ವಾಚು?”

“ಅದೂ ನಂದೇ. ಎರಡು ವರ್ಷದ ಹಿಂದೆ ಮರ ಸಾಗಿಸೋ ಲಾರಿ ಹೊಡೀತು, ಕಾಲು ಹೋಯ್ತು. ಆ ಶೂ ಪೂರ್ತಿ ಸವೆಯೋಕೆ ಇನ್ನೂ ಮುನ್ನೂರು ಕಿಲೋಮೀಟರ್ ಬಾಕಿ ಇತ್ತು, ಬಿಸಾಕೋಕೆ ಮನಸ್ಸು ಬರ್ಲಿಲ್ಲ. ‘ನಾನು ಓಡಿ ಮುಗಿಸ್ತೀನಿ’ ಅಂದ ಈ ಪುಣ್ಯಾತ್ಮ. ಬಸ್ ಹಿಡಿಯೋಕೂ ಓಡಿದವನಲ್ಲ!” ಡಂಕನ್ ನಕ್ಕ. “ಅರ್ಧ ಸೈಜು ದೊಡ್ಡದಾಗುತ್ತೆ ಅವನಿಗೆ. ಎರಡು ಜೊತೆ ಕಾಲುಚೀಲ ಹಾಕ್ಕೊ, ಲೇಸು ಹೀಗೆ ಕಟ್ಟು ಅಂತ ನಾನೇ ಹೇಳ್ಕೊಟ್ಟೆ. ಇವತ್ತು ಕೊನೇ ಎಂಟು ಕಿಲೋಮೀಟರ್.”

“ಅವರು ಯಾಕೆ… ಯಾಕೆ ಒಂದು ಮಾತೂ ಹೇಳ್ಲಿಲ್ಲ?”

“ನನ್ನ ವಿಷ್ಯ ಎತ್ತಬೇಡ ಅಂತ ಆಣೆ ಹಾಕ್ಸಿದ್ದೆ. ಅಯ್ಯೋ ಪಾಪ ಅನ್ನೋರ ಕಾಟ ನಂಗೆ ತಡೆಯೋಕಾಗಲ್ಲ.” ಅವನು ಓಟದ ದಾರಿಯತ್ತ ಕಣ್ಣು ಹಾಯಿಸಿದ. “ಆದ್ರೆ ಸೊನ್ನೆ ನಿಮಿಷಕ್ಕೆ ಹೊರಟಿದ್ರೆ ಇಷ್ಟೊತ್ತಿಗೆ ಬರ್ಬೇಕಿತ್ತಲ್ಲ?”

ನೆರಿಡಾ ಸ್ಟಾಪ್‌ವಾಚನ್ನು ಬೆರಿಲ್ ಆಂಟಿಯ ಕೈಗೆ ತುರುಕಿ ಓಡಿದಳು. ಗಂಬೂಟಿನಲ್ಲಿ! ಕೆಸರು ಸೊಂಟದ ತನಕ ಹಾರಿತು. ಹುಲ್ಲುಗಾವಲಿನ ಹಸುಗಳು ತಲೆಯೆತ್ತಿ ನೋಡಿದವು. ‘ಎಲ್ಲವನ್ನೂ ಓದಿದೆ, ಶೂ, ಲೇಸು, ವಾಚು… ಅವನ ಮುಖವೊಂದನ್ನು ಬಿಟ್ಟು!’

ಆರನೇ ಕಿಲೋಮೀಟರಿನ ಗೇಟಿನ ಬಳಿ ಅವನು ಸಿಕ್ಕ. ಒಂದು ಕಾಲೆಳೆಯುತ್ತಾ, ಇನ್ನೂ ಓಡುತ್ತಲೇ ಇದ್ದ. ಹಿಮ್ಮಡಿಯ ಕಾಲುಚೀಲ ಕೆಂಪಗಾಗಿತ್ತು.

“ಕ್ಯಾಲಮ್! ನಿಲ್ಲು!”

“ನಿಲ್ಲಲ್ಲ. ನಿಂತ್ರೆ ಮತ್ತೆ ಓಡೋಕಾಗಲ್ಲ.”

ಅವಳು ಪಕ್ಕಕ್ಕೆ ಬಂದು ಹೆಜ್ಜೆ ಹಾಕಿದಳು. ಕಣ್ಣೀರು, ಮಳೆ ಎರಡೂ ಬೆರೆತು ಇಳಿಯುತ್ತಿತ್ತು.

“ಡಂಕನ್ ಬಂದಿದಾರೆ. ಎಲ್ಲ ಹೇಳಿದ್ರು. ನಂದು ತಪ್ಪು… ದೊಡ್ಡ ತಪ್ಪು!”

ಅವನು ಕಾಲೆಳೆಯುತ್ತಾ ಮುಂದೆ ಓಡಿದ. ನೂರು ಹೆಜ್ಜೆ ಹಾಗೇ ಕಳೆಯಿತು. ಅವಳಿಗೆ ಅದು ನೂರು ಮೈಲಿ.

“ಕೋಪ ಇದೆಯಾ?”

“ತುಂಬಾ ಇದೆ.” ಅವನು ಉಸಿರು ಎಳೆದುಕೊಂಡ. “ಕಳ್ಳ ಅಂದಿದ್ದಕ್ಕಲ್ಲ. ಬೀಚಿನದ್ದೆಲ್ಲ ಸುಳ್ಳು ಅಂದ್ಯಲ್ಲ, ಅದಕ್ಕೆ. ಶೂ ಮುಗಿಸೋಕೆ ಅವಸರ ಇರ್ಲಿಲ್ಲ, ದಿನಾ ಎರಡು ಕಿಲೋಮೀಟರ್ ಓಡಿದ್ರೂ ಸಾಕಿತ್ತು ನಂಗೆ. ಆರಾರು ಓಡಿದ್ದು ನೀನು ಆರು ಓಡ್ತಿದ್ದೆ ಅಂತ!”

‘ನೀನು’ ಅಂದಿದ್ದ! ನೆರಿಡಾಳ ಎದೆ ಉಕ್ಕಿ ಬಂತು.

“ಪ್ರೀತಿಸ್ತೀನಿ ಕಣೋ! ಅದಕ್ಕೇ ಅಷ್ಟು ಹೆದರಿದ್ದು. ಪ್ರೀತಿ ಇಲ್ದೇ ಇದ್ದಿದ್ರೆ ನೀನು ಯಾವ ಟೈಮಿಗೆ ಓಡಿದ್ರೆ ನಂಗೇನು!”

ಕ್ಯಾಲಮ್ ಎಡವಿದ. ಅವಳು ತೋಳು ಹಿಡಿದಳು. ಅವನು ಆ ಕೈ ಬಿಡಿಸಿಕೊಳ್ಳಲಿಲ್ಲ.

ಬೆರಿಲ್ ಆಂಟಿ ಗೆರೆಯ ಕಂಬಗಳನ್ನು ಕೀಳಲು ಬಿಟ್ಟಿರಲಿಲ್ಲ. ಪೈ ಕೈಯಲ್ಲೇ ಹಿಡಿದು ಎಲ್ಲರೂ ಮಳೆಯಲ್ಲಿ ನಿಂತಿದ್ದರು. ಇಬ್ಬರೂ ಗೆರೆ ದಾಟಿದಾಗ ಡಂಕನ್ ಕೂಗಿದ: “ಹೊರಟು ಒಂದು ಗಂಟೆ ನಾಲ್ಕು ನಿಮಿಷ! ನನ್ನ ಶೂ ಮಾನ ಕಳೆದೆಯಲ್ಲೋ!” ಕೂಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ. ಕ್ಯಾಲಮ್ ಶೂ ಬಿಚ್ಚಿ ಅಣ್ಣನ ಮಡಿಲಲ್ಲಿಟ್ಟ.

ನೆರಿಡಾ ಗೋಡೆಯ ಪಟ್ಟಿಯನ್ನು ಕಿತ್ತು ತಂದು, ಎಲ್ಲರೆದುರು ಇಪ್ಪತ್ತಾರನ್ನು ಹೊಡೆದುಹಾಕಿದಳು.

“ಇವರು ಮೋಸ ಮಾಡಿಲ್ಲ. ತಪ್ಪು ನಾನು ಮಾಡಿದ್ದು. ಪಟ್ಟಿ ಇನ್ಮೇಲೆ ಬೆರಿಲ್ ಆಂಟಿ ಬರೀಲಿ.”

“ಅಯ್ಯೋ, ಈ ವಯಸ್ಸಲ್ಲಿ ನಂಗ್ಯಾಕೆ ಮತ್ತೆ ತಲೆನೋವು!” ಎಂದರೂ ಆಂಟಿಯ ಕೈ ಆಗಲೇ ಪೆನ್ನಿಗೆ ಚಾಚಿತ್ತು.

ಜನ ಒಳಗೆ ಹೋದ ಮೇಲೆ ಅದೇ ಮೆಟ್ಟಿಲ ಮೇಲೆ ಕ್ಯಾಲಮ್ ಬರಿಗಾಲಲ್ಲಿ ಕೂತ. ನೆರಿಡಾ ಅವನ ಹಿಮ್ಮಡಿಯ ಗಾಯಕ್ಕೆ ಬ್ಯಾಂಡೇಜು ಅಂಟಿಸುತ್ತಿದ್ದಳು.

“ಈಗ ನಂಗೆ ಶೂ ಇಲ್ಲ,” ಎಂದ.

“ಸೋಮವಾರ ತರೋಣ. ನಿನ್ನ ಅಳತೇದು.”

“ತಂದ್ಮೇಲೆ ದಿನಾ ಅಡಿ ತಿರುಗಿಸಿ ನೋಡ್ತೀಯಾ?”

“ಇಲ್ಲ. ನಿನ್ನನ್ನೇ ಕೇಳ್ತೀನಿ.”

“ಮುಂದಿನ ಓಟಕ್ಕೆ ನೀನು ನನಗಿಂತ ಹತ್ತು ನಿಮಿಷ ತಡವಾಗಿ ಹೊರಡಬೇಕಾಗುತ್ತೆ. ಗೊತ್ತಾ?”

ನೆರಿಡಾ ಅವನ ಒದ್ದೆ ಪಾದವನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು ನಕ್ಕಳು.

“ಓಟದ ದಿನ ಹಾಗೇ ಆಗ್ಲಿ. ಬೆಳಿಗ್ಗೆ ಐದೂಮುಕ್ಕಾಲಿಗೆ ಮಾತ್ರ… ಇಬ್ರೂ ಒಟ್ಟಿಗೇ ಹೊರಡೋದು.”