ಮೂರೆಸಳಿನ ಗುರುತು

೧೯೯೭ರ ಮಾರ್ಚ್ ೧೨, ಬುಧವಾರ, ಬೆಳಿಗ್ಗೆ ೮.೪೦. ಕೃಷ್ಣರಾಜಪುರದ ಕಡೆಯ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಚಿಕ್ಕವೆಂಕಟಪ್ಪ ಇನ್ನೂ ಟೋಪಿ ತೆಗೆದು ಮೇಜಿನ ಮೇಲಿಟ್ಟಿರಲಿಲ್ಲ. ಅಷ್ಟರಲ್ಲಿ ಜೀವರತ್ನಂ ತನ್ನ ಕೆಲಸಗಾರನ ರಟ್ಟೆ ಹಿಡಿದುಕೊಂಡೇ ಒಳಗೆ ನುಗ್ಗಿದ. ಜೀವರತ್ನಂ ಮನೆ ಜೀವನ್ ಬಿಮಾ ನಗರದಲ್ಲಿ, ಶೆಡ್ಡು ಹಳೇ ಮದರಾಸು ರಸ್ತೆಯಲ್ಲಿ. ಗೋದಾಮುಗಳಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಗಳ ರಿಪೇರಿ ಅವನ ಕಸುಬು. ಅವನು ಮಾತು ಮುಗಿಸಲೆಂದು ಕಾಯುವುದಾದರೆ ಮಧ್ಯಾಹ್ನದ ಊಟಕ್ಕೂ ಅಲ್ಲೇ ಕೂರಬೇಕಾಗುತ್ತಿತ್ತು.

“ಒಂದೇ ಮಾತಲ್ಲಿ ಹೇಳಿ. ಏನು ಹೋಗಿದೆ?”

“ಎರಡು ಟನ್ ಭಾರ ಎತ್ತೋ ಚೈನ್ ಪುಲ್ಲಿ ಸಾರ್. ನಿನ್ನೆ ನಮ್ಮ ಏರಿಯಾಗೆ ಕರೆಂಟ್ ರಜೆ, ಶೆಡ್ ಮುಚ್ಚಿತ್ತು. ಇವತ್ತು ತೆಗೆದ್ರೆ ತೊಲೆ ಬೋಳು. ಕೀ ಇರೋದು ಇವನ ಹತ್ರ. ಇವನೇ ಕದ್ದಿರೋದು.”

ಇವನು ಅಂದರೆ ಭೀಮು. ಯಾದಗಿರಿ ಕಡೆಯವನು, ಇಪ್ಪತ್ತಾರು ವರ್ಷ, ಶೆಡ್ಡಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ವಾಸ. ಅವನ ಹೆಂಡತಿ ಸಾಬಮ್ಮ ಏಳು ತಿಂಗಳ ಬಸುರಿ, ಬಾಗಿಲ ಹೊರಗೇ ನಿಂತಿದ್ದಳು.

“ನಿನ್ನೆ ಎಲ್ಲಿದ್ದೆ?”

“ಇಕಿನ್ನ ಕರಕೊಂಡು ಶಿವಾಜಿನಗರ ದವಾಖಾನಿಗಿ ಹೋಗಿದ್ನಿರಿ ಸಾಹೇಬ್ರ. ಸಂಜಿಕ್ ಬಂದೀವಿ. ನಾ ಕದ್ದಿಲ್ರಿ.”

“ಕೀ?”

“ನನ್ನ ಉಡದಾರಕ್ಕೇ ಇತ್ರಿ.”

ದೂರಿನಲ್ಲಿ ಹೆಸರು ಬಂದಿತ್ತು. ಅಪರಾಧ ಸಂಖ್ಯೆ ೧೧೮/೯೭, ಕಲಂ ೪೫೪ ಮತ್ತು ೩೮೦ರಡಿ ಎಫ್‌ಐಆರ್ ದಾಖಲಾಯಿತು. ಭೀಮುವನ್ನು ವಿಚಾರಣೆಗೆ ಕೂರಿಸಿಕೊಂಡರು. ಮರುದಿನ ಬೆಳಿಗ್ಗೆಯೊಳಗೆ ಅವನನ್ನು ಬಿಡಬೇಕು, ಇಲ್ಲವೇ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಕೆಲಸವೂ ಹೋಯಿತು, ಕೋಣೆಯೂ ಹೋಯಿತು. ಸಾಬಮ್ಮ ಅದನ್ನು ನೇರವಾಗಿಯೇ ಹೇಳಿದಳು: “ಕಳ್ಳ ಅಂತ ಹೆಸರು ಹತ್ತಿದ್ರ ಈ ರೋಡಿನ್ಯಾಗ ಯಾರೂ ಕೆಲಸ ಕೊಡಂಗಿಲ್ರಿ. ಕೂಸು ಹುಟ್ಟೂದ್ರಾಗ ನಾವು ಎಲ್ಲಿಗಿ ಹೋಗ್ಬೇಕ್ರಿ?”

“ನಾಳೆ ಬೆಳಿಗ್ಗೆವರೆಗೂ ಟೈಮಿದೆ ಕಣಮ್ಮ” ಎಂದಷ್ಟೇ ಹೇಳಿ ಚಿಕ್ಕವೆಂಕಟಪ್ಪ ಜೀಪು ಹತ್ತಿದರು.

೧೦.೧೫ಕ್ಕೆ ಇಬ್ಬರು ಪಂಚರ ಮುಂದೆ ಸ್ಥಳದ ಪಂಚನಾಮೆ ಶುರುವಾಯಿತು. ಬರೆಯುವವರು ದಫೇದಾರ್ ನಯಾಜ್. ಇಡೀ ವಿಭಾಗದಲ್ಲಿ ಅಷ್ಟು ದುಂಡಗಿನ ಅಕ್ಷರ ಇನ್ನೊಬ್ಬರದಿಲ್ಲ, ಆ ಬಗ್ಗೆ ಅವರಿಗೆ ಕೊಂಚ ಜಂಬವೂ ಇತ್ತು. ಇರಲಿ, ಜಂಬಪಡುವಂಥ ಅಕ್ಷರವೇ ಅದು. ಚಿಕ್ಕವೆಂಕಟಪ್ಪ ಅವರದ್ದು ಇಪ್ಪತ್ತೆರಡು ವರ್ಷದ ಒಂದೇ ಪದ್ಧತಿ: ಕಳ್ಳ ಏನು ಒಯ್ದ ಎನ್ನುವುದಕ್ಕೆ ಮೊದಲು ಏನು ಬಿಟ್ಟು ಹೋದ ಎಂದು ಬರೆಸುವುದು.

ಬಿಟ್ಟಿದ್ದು ಬಹಳವಿತ್ತು. ಎರಡು ಸುರುಳಿ ತಾಮ್ರದ ಕೇಬಲ್, ಡಬ್ಬದ ತುಂಬ ಹಿತ್ತಾಳೆಯ ವಾಲ್ವು, ಹೊಸ ಬ್ಯಾಟರಿ. ಯಾವುದನ್ನೂ ಮುಟ್ಟಿರಲಿಲ್ಲ. ಬೀಗವೂ ಸರಿಯಾಗಿತ್ತು. ಹಿಂಬದಿಯ ತಗಡಿನ ಗೋಡೆಯ ನಾಲ್ಕು ಬೋಲ್ಟು ಬಿಚ್ಚಿ ಒಳಗೆ ಬಂದಿದ್ದರು, ಬಿಚ್ಚಿದ ಬೋಲ್ಟು ನಟ್ಟುಗಳನ್ನು ಒಂದು ಮುಚ್ಚಳದಲ್ಲಿ ಜೋಡಿಸಿಟ್ಟು, ಹೋಗುವಾಗ ತಗಡನ್ನು ಮೊದಲಿದ್ದಂತೆ ಒರಗಿಸಿದ್ದರು.

“ಕೀ ಇದ್ದೋನು ಗೋಡೆ ಯಾಕೆ ಬಿಚ್ತಾನೆ?”

“ನಾಟಕ ಸಾರ್, ಅನುಮಾನ ಬರಬಾರದು ಅಂತ” ಎಂದ ಜೀವರತ್ನಂ.

“ಸೋಮವಾರ ಸಂಜೆ ಪುಲ್ಲಿಗೆ ಏನಾದ್ರೂ ತೂಗಿಹಾಕಿದ್ರಾ?”

ಫೋರ್ಕ್‌ಲಿಫ್ಟ್ ಮುಂದಕ್ಕೆ ಮುಗ್ಗರಿಸದಂತೆ ಅದರ ಹಿಂಭಾಗಕ್ಕೆ ಕೂರಿಸುವ ಎರಕದ ಭಾರ, ಒಂದೂಮುಕ್ಕಾಲು ಟನ್ನು. ಅರ್ಧ ಕೆಲಸವಾಗಿದ್ದರಿಂದ ಹಾಗೇ ತೂಗಿಬಿಟ್ಟು ಹೋಗಿದ್ದರಂತೆ. ಈಗ ಆ ಭಾರ ನೆಲದ ಮೇಲಿತ್ತು. ಬರಿ ನೆಲದ ಮೇಲಲ್ಲ. ಎರಡು ಮರದ ದಿಮ್ಮಿ ಸಮನಾಗಿ ಜೋಡಿಸಿ, ಅದರ ಮೇಲೆ ಇಳಿಸಿ, ಅಲುಗದಂತೆ ಎರಡೂ ಬದಿಗೆ ಬೆಣೆ ಹೊಡೆದಿದ್ದರು. ಯಾರೂ ಎಡವದಿರಲೆಂದು ಒಂದು ಕೆಂಪು ಬಟ್ಟೆಯನ್ನೂ ಕಟ್ಟಿದ್ದರು.

ನಯಾಜ್ ಬರೆಯುವುದನ್ನು ನಿಲ್ಲಿಸಿದರು. “ಸಾರ್, ಬಂದಿದ್ದು ಕಳ್ಳನಾ ಮೇಸ್ತ್ರಿನಾ?”

ಚಿಕ್ಕವೆಂಕಟಪ್ಪ ಭೀಮುವನ್ನು ಅಲ್ಲಿಗೇ ಕರೆಸಿದರು. “ನೀನಾಗಿದ್ರೆ ಇದನ್ನ ಹೀಗೆ ಇಳಿಸ್ತಿದ್ದಾ?”

ಭೀಮು ಭಾರದ ಸುತ್ತ ಒಂದು ಸುತ್ತು ಬಂದ. “ಸುಳ್ಳ್ ಯಾಕ ಹೇಳ್ಲಿರಿ. ನಾ ಹಂಗೇ ನೆಲಕ್ಕ ಬಿಡ್ತಿದ್ನಿರಿ. ಬೆಣಿ ಹೊಡಿಯೂದು ನನಗ ಯಾರೂ ಕಲಿಸಿಲ್ರಿ.”

ತನ್ನನ್ನು ಬಿಡಿಸುವ ಮಾತು ಅದೇ ಎಂದು ಅವನಿಗೆ ಗೊತ್ತಿರಲಿಲ್ಲ. ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಆದರೆ ಒಂದು ಬೆಣೆ ತೋರಿಸಿ ಎಫ್‌ಐಆರ್‌ನಿಂದ ಹೆಸರು ತೆಗೆಸಲಾಗುವುದಿಲ್ಲ.

ರಸ್ತೆಯಾಚೆ ಜಟ್ಟೆಮ್ಮನ ಟೀ ಅಂಗಡಿ. ಕೇಳಿದ್ದಕ್ಕಿಂತ ಎರಡು ಮಾತು ಹೆಚ್ಚಿಗೆ ಹೇಳುವ ಹೆಂಗಸು ಅಂಥ ದಿನ ದೇವರು ಕೊಟ್ಟ ವರ.

“ನಿನ್ನೆ ಹನ್ನೆರಡಕ್ಕೆ ಒಬ್ಬ ಸಾಬರು ಬಂದಿದ್ರು ಸ್ವಾಮಿ. ವಯಸ್ಸಾದೋರು, ಸೈಕಲ್ಲು, ಕನ್ನಡಕಕ್ಕೆ ದಾರ ಕಟ್ಟವ್ರೆ. ಶೆಡ್ಡಲ್ಲಿ ಕೆಲಸ ಮಾಡೋ ಹುಡುಗ ಇಲ್ವಾ ಅಂದ್ರು. ಇಲ್ಲ ಅಂದೆ. ಅವನು ತೂಗಿಹಾಕಿರೋ ಭಾರದ ಕೆಳಗೆ ನುಗ್ಗಿ ಕೆಲಸ ಮಾಡ್ತಾನಾ ಅಂತ ಕೇಳಿದ್ರು. ದಿನಾ ಅಲ್ಲೇ ಮಲಗ್ದಂಗೆ ಇರ್ತಾನಲ್ಲ ಅಂದೆ. ಅರ್ಧ ಟೀ ಹಂಗೇ ಬಿಟ್ಟು ಎದ್ದು ಹೋದ್ರು.”

೧೧.೪೦ಕ್ಕೆ ಠಾಣೆಗೆ ವಾಪಸು. ನಯಾಜ್ ಸುತ್ತಲಿನ ಠಾಣೆಗಳಿಗೆಲ್ಲ ಫೋನು ತಿರುಗಿಸಿದರು. ಒಂದೇ ತಿಂಗಳಲ್ಲಿ ಇನ್ನೂ ಮೂರು ಚೈನ್ ಪುಲ್ಲಿ ಹೋಗಿದ್ದವು: ಇಂದಿರಾನಗರದ ಗ್ಯಾರೇಜು, ಹಲಸೂರಿನ ಕಲ್ಲಿನ ಅಂಗಡಿ, ರಿಚರ್ಡ್ಸ್ ಟೌನಿನಲ್ಲಿ ಬೋರ್‌ವೆಲ್ ಮೋಟಾರು ಎತ್ತುವವನ ಶೆಡ್ಡು. ಮೂರೂ ಕಡೆ ರಜೆಯ ದಿನ, ಹಾಡುಹಗಲು. ಕಲ್ಲಿನಂಗಡಿಯಲ್ಲಿ ತೂಗುತ್ತಿದ್ದ ಚಪ್ಪಡಿಯನ್ನು ದಿಮ್ಮಿಯ ಮೇಲೆ ಇಳಿಸಿಟ್ಟಿದ್ದರಂತೆ. ನಾಲ್ಕೂ ಪುಲ್ಲಿ ಮಹದೇವಪುರದ ತ್ರಿವಿಕ್ರಮ ಟ್ಯಾಕಲ್ಸ್ ಎಂಬ ಒಂದೇ ಕಾರ್ಖಾನೆಯವು.

ಒಂದು ಗಂಟೆಗೆ ಅಲ್ಲಿಗೆ ಹೋದರು. ಮಾಲೀಕ ತಣ್ಣನೆಯ ಕೋಣೆಯಲ್ಲಿ ಕೂರಿಸಿ ಜ್ಯೂಸು ತರಿಸಿದ. ಕೇಳಿದ್ದಕ್ಕೆಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ. ರವಾನೆಯ ಪುಸ್ತಕ ಮಾತ್ರ ನೆಟ್ಟಗೆ ಮಾತಾಡಿತು. ಕಳುವಾದ ನಾಲ್ಕರ ಸಂಖ್ಯೆ ೪೪೧೬ರಿಂದ ೪೪೧೯, ಒಂದರ ಹಿಂದೆ ಒಂದು. ನಾಲ್ಕೂ ಡಿಸೆಂಬರ್ ೨೭ರಂದು ಪರೀಕ್ಷೆಯಲ್ಲಿ ಪಾಸಾದವು.

“ಪರೀಕ್ಷೆ ಅಂದ್ರೆ?”

“ಎತ್ತಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಭಾರ ಹಾಕಿ ನೋಡ್ತೀವಿ. ಪಾಸಾದ್ರೆ ಪರೀಕ್ಷೆ ಮಾಡಿದೋನು ಕೊಕ್ಕೆ ಮೇಲೆ ತನ್ನ ಗುರುತು ಒತ್ತುತಾನೆ.”

“ಈ ನಾಲ್ಕರ ಮೇಲೆ ಯಾರ ಗುರುತು?”

“ಮೂರೆಸಳು. ಶಫಿ ಅಂತ, ಶಿವಾಜಿನಗರದವನು. ಇಪ್ಪತ್ತೊಂಬತ್ತು ವರ್ಷ ಇದ್ದ. ಜನವರಿಯಲ್ಲಿ ಕಳಿಸಿಬಿಟ್ಟೆ. ಕುಡಿತ ಸಾರ್.”

ಇಪ್ಪತ್ತೊಂಬತ್ತು ವರ್ಷ ಕಾಣದ ಕುಡಿತ ಜನವರಿಯಲ್ಲಿ ಕಂಡಿತೇ ಎಂದುಕೊಂಡ ನಯಾಜ್ ಜ್ಯೂಸಿನ ಲೋಟ ಪಕ್ಕಕ್ಕಿಟ್ಟರು. “ಡಿಸೆಂಬರ್ ಹಾಜರಿ ಪುಸ್ತಕ ತರ್ಸಿ.”

“ಅದ್ಯಾಕೆ ಬೇಕು?”

“ತರ್ಸಿ ಅಂದೆ.”

ಹಾಜರಿ ಪುಸ್ತಕದಲ್ಲಿ ಶಫಿಯ ಹೆಸರಿನ ಮುಂದೆ ಡಿಸೆಂಬರ್ ೨೬ರಿಂದ ೩೧ರವರೆಗೆ ಕೆಂಪು ಶಾಯಿಯಲ್ಲಿ ‘ರಜೆ, ಮಗಳ ಮದುವೆ’ ಎಂದಿತ್ತು. ೨೭ರಂದು ಅವನು ಕಾರ್ಖಾನೆಯಲ್ಲೇ ಇರಲಿಲ್ಲ. ಅವನ ಗುರುತು ಮಾತ್ರ ನಾಲ್ಕು ಕೊಕ್ಕೆಗಳ ಮೇಲೆ ಬಿದ್ದಿತ್ತು. ಎರಡೂ ಪುಸ್ತಕ ಜಪ್ತಿಯಾದವು. ಮಾಲೀಕನಿಗೆ ತಣ್ಣನೆಯ ಕೋಣೆಯಲ್ಲೂ ಬೆವರು ಬಂತು. ನೋಡಲು ಹಿತವಾಗಿತ್ತು ಎಂದು ನಯಾಜ್ ಆಮೇಲೆ ಹೇಳಿದರು.

೩.೨೦. ಶಿವಾಜಿನಗರದ ಗಲ್ಲಿಯೊಂದರಲ್ಲಿ ಎರಡು ಕೋಣೆಯ ಮನೆ. ಬಾಗಿಲು ತೆಗೆದವಳು ಶಫಿಯ ಹೆಂಡತಿ ಶಂಶುನ್ನೀಸಾ. ಸಮವಸ್ತ್ರ ನೋಡಿ ಅವಳು ಹೆದರಲಿಲ್ಲ. ಒಳಗೆ ತಿರುಗಿ, “ಆಗಯೇ ದೇಖೋ” ಎಂದಳು, ಬಂದೇಬಿಟ್ಟರು ನೋಡಿ ಎಂಬಂತೆ.

ಸಣ್ಣ ಅಂಗಳದಲ್ಲಿ ನಾಲ್ಕು ಚೈನ್ ಪುಲ್ಲಿ ಗೋಣಿತಾಟಿನ ಮೇಲೆ ಸಾಲಾಗಿದ್ದವು. ಪ್ರತಿಯೊಂದಕ್ಕೂ ಒಂದು ರಟ್ಟಿನ ಚೀಟಿ: ಯಾವ ಶೆಡ್ಡು, ಯಾವ ತಾರೀಖು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಮುದುಕ ಎದ್ದು ನಿಂತ.

“ಇವೆಲ್ಲ ನೀವೇ ತಂದಿದ್ದಾ?”

“ಹೌದು ಸಾಬ್. ನಾಲ್ಕೂ ನಾನೇ. ಇನ್ನು ಬಾಕಿ ಇಲ್ಲ.”

“ಯಾಕೆ?”

“ಬೆಂಕಿಯಲ್ಲಿ ಹದ ತಪ್ಪಿದ ಕೊಕ್ಕೆ ಇವು. ಒಳ್ಳೆ ಕೊಕ್ಕೆ ಭಾರ ಜಾಸ್ತಿ ಆದ್ರೆ ನಿಧಾನಕ್ಕೆ ಬಾಯಿ ಬಿಡುತ್ತೆ, ಮನುಷ್ಯ ನೋಡಿ ಓಡಬಹುದು. ಇವು ಹೇಳದೆ ಮುರೀತವೆ, ಗಾಜಿನ ಥರ. ನಾನೇ ತಿರಸ್ಕಾರ ಮಾಡಿ ಕೆಂಪು ಡಬ್ಬಕ್ಕೆ ಹಾಕಿದ್ದೆ. ಮಗಳ ಶಾದಿ ಮುಗಿಸಿ ಬಂದ್ರೆ ಡಬ್ಬ ಖಾಲಿ. ನನ್ನ ಪೆಟ್ಟಿಗೆ ಬೀಗ ಒಡೆದು, ನನ್ನ ಅಚ್ಚು ತಗೊಂಡು ಹೊಡೆದವ್ರೆ.”

“ಮಾಲೀಕರಿಗೆ ಹೇಳಿದ್ರಾ?”

“ಹೇಳಿದ್ದಕ್ಕೇ ಮನೆಗೆ ಕಳ್ಸಿದ್ರು. ಸರ್ಕಾರಕ್ಕೆ ಎರಡು ಅರ್ಜಿ ಬರೆದೆ, ಜವಾಬಿಲ್ಲ. ನಾಲ್ಕು ಗಿರಾಕಿಗೂ ಹೋಗಿ ಹೇಳಿದೆ. ಕೆಲಸ ಹೋದವನ ಹೊಟ್ಟೆಕಿಚ್ಚು ಅಂದ್ರು. ಆ ಜೀವರತ್ನಂ ನನ್ನ ಕಾಗದ ನನ್ನೆದುರಿಗೇ ಹರಿದ.” ಅವನು ಕನ್ನಡಕ ಸರಿಮಾಡಿಕೊಂಡ. “ಅರ್ಜಿ ಜವಾಬು ಬರೋವರೆಗೂ ಭಾರ ಕಾಯುತ್ತಾ ಸಾಬ್?”

“ಜೀವರತ್ನಂ ಕೆಲಸಗಾರ ಭೀಮು ಬೆಳಿಗ್ಗೆಯಿಂದ ಠಾಣೇಲಿದ್ದಾನೆ. ಕಳ್ಳತನದ ಮೇಲೆ.”

ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದ ಶಫಿ ಚಪ್ಪಲಿ ಮೆಟ್ಟತೊಡಗಿದ. “ಆ ಹುಡುಗನ್ನಾ? ಅವನು ದಿನಾ ಅದರ ಕೆಳಗೆ ಮಲಗ್ತಾನೆ ಅಂತ ತಾನೆ ನಾನು ಹೋಗಿದ್ದು.” ಹೆಂಡತಿಯ ಕಡೆ ತಿರುಗಿ ಅಂಗಿ ಕೇಳಿದ. “ನಡೀರಿ, ಬೇಗ ನಡೀರಿ.”

ಮಾತನ್ನು ನಂಬಬಹುದು, ಆದರೆ ಕಡತಕ್ಕೆ ಮಾತು ಸಾಲದು. ಸಂಜೆ ೫.೩೦ಕ್ಕೆ ಸಮೀಪದ ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ಪಂಚರ ಸಮ್ಮುಖದಲ್ಲಿ ಜೀವರತ್ನಂ ಶೆಡ್ಡಿನ ಪುಲ್ಲಿಯ, ಅಂದರೆ ೪೪೧೯ರ ಕೊಕ್ಕೆಯನ್ನು ಯಂತ್ರಕ್ಕೆ ಹಾಕಲಾಯಿತು. ಭೀಮು, ಸಾಬಮ್ಮ, ಜೀವರತ್ನಂ ಮೂವರನ್ನೂ ಕರೆಸಿದ್ದರು. ಕಬ್ಬಿಣದ ಜಾಲರಿಯ ಈಚೆ ಎಲ್ಲರೂ ನಿಂತರು. ಉಪನ್ಯಾಸಕರು ಅಂಕಿ ಓದುತ್ತ ಹೋದರು: ಒಂದು ಟನ್, ಒಂದೂಕಾಲು, ಒಂದೂವರೆ. ಒಂದೂವರೆ ದಾಟಿ ಮುಳ್ಳು ಇನ್ನಷ್ಟು ಸರಿಯುವಷ್ಟರಲ್ಲಿ ಢಬ್ ಎಂದು ಸದ್ದಾಯಿತು. ಕೊಕ್ಕೆಯ ತುಂಡು ಜಾಲರಿಗೆ ಬಡಿದು ಕೆಳಗೆ ಬಿತ್ತು.

ಎರಡು ಟನ್ನಿನ ಕೊಕ್ಕೆ ಮುರಿದದ್ದು ೧.೬ ಟನ್ನಿಗೆ. ಶೆಡ್ಡಿನಲ್ಲಿ ತೂಗುತ್ತಿದ್ದ ಭಾರ ಒಂದೂಮುಕ್ಕಾಲು ಟನ್ನು.

“ಸೋಮವಾರ ಮುರೀಲಿಲ್ಲವಲ್ಲ” ಎಂದ ಜೀವರತ್ನಂ.

“ಸೋಮವಾರ ಅದಕ್ಕೆ ಮನಸ್ಸಿರಲಿಲ್ಲ. ಭಾರ ಎತ್ತಿದಾಗೆಲ್ಲ ಒಳಗೆ ಬಿರುಕು ಬೆಳೀತಾ ಇರುತ್ತೆ. ಇಂಥದಕ್ಕೆ ದಿನ ಗೊತ್ತಿರಲ್ಲ” ಎಂದ ಶಫಿ.

ಸಾಬಮ್ಮ ಗಂಡನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಭೀಮು ಶಫಿಯ ಹತ್ತಿರ ಹೋಗಿ ನಿಂತ. “ಆ ಬೆಣಿ ಹೊಡಿಯೂದು ನನಗ ಕಲಿಸ್ರಿ ಚಾಚಾ” ಎಂದ.

೭.೧೫ಕ್ಕೆ ಠಾಣೆಯಲ್ಲಿ ಭೀಮುವಿನ ಬಿಡುಗಡೆ ದಾಖಲಾಯಿತು. ಕಾರ್ಖಾನೆ ಮಾಲೀಕನ ಮೇಲೆ ವಂಚನೆ ಮತ್ತು ಜೀವಕ್ಕೆ ಅಪಾಯ ತಂದ ಆರೋಪದಡಿ ಬೇರೆ ಎಫ್‌ಐಆರ್ ಆಯಿತು. ಅವನನ್ನು ಕರೆತರಲು ಜೀಪು ಹೊರಟಿತು. ಜೀವರತ್ನಂ ಬಂದು ಮೇಜಿನ ಮುಂದೆ ಕೈಕಟ್ಟಿ ನಿಂತ. ಅವನು ಅಷ್ಟು ಕಡಿಮೆ ಮಾತಾಡಿದ್ದು ಅದೇ ಮೊದಲಿರಬೇಕು.

“ಸಾರ್, ನನ್ನ ಕಂಪ್ಲೇಂಟ್ ವಾಪಸ್ ತಗೋತೀನಿ.”

ಇನ್ಸ್‌ಪೆಕ್ಟರ್ ಉತ್ತರಿಸುವ ಮೊದಲೇ ಶಫಿ ತಲೆಯಾಡಿಸಿದ. “ಬ್ಯಾಡ. ಕೇಸು ಇರ್ಲಿ. ಕೇಸಿದ್ರೇನೇ ಆ ತುಂಡು ಕೋರ್ಟಿಗೆ ಹೋಗೋದು, ಜಡ್ಜ್ ಸಾಬ್ ಕೈಗೆ ಬರೋದು.”

“ಜೈಲಾಗಬಹುದು” ಎಂದರು ಚಿಕ್ಕವೆಂಕಟಪ್ಪ.

“ಗೋಡೆ ಬಿಚ್ಚಿದ್ದು ನಾನೇ ಅಲ್ವಾ ಸಾಬ್.”

ದಸ್ತಗಿರಿಯಾಯಿತು. ನಯಾಜ್ ದುಂಡಗೆ ಬರೆದ ಜಪ್ತಿ ಮಹಜರನ್ನು ಓದಿ ಹೇಳಿದರು. ಆರೋಪಿಯು ನಾಲ್ಕು ಪುಲ್ಲಿಗಳನ್ನು ಕದ್ದಿದ್ದಾಗಿ ಒಪ್ಪಿರುತ್ತಾನೆ. ಶಫಿ ತಲೆದೂಗಿದ. ಆರೋಪಿಯ ಅಂಗಳದಲ್ಲಿ ಸಿಕ್ಕಿರುತ್ತವೆ. ತಲೆದೂಗಿದ. ಪ್ರತಿ ಕೊಕ್ಕೆಯ ಮೇಲೆ ಆರೋಪಿಯು ಒತ್ತಿದ ಮೂರೆಸಳಿನ ಗುರುತು ಇರುತ್ತದೆ.

ಶಫಿ ಪೆನ್ನು ಕೆಳಗಿಟ್ಟ.

“ಇದಕ್ಕೆ ಸಹಿ ಹಾಕಲ್ಲ.”

“ಯಾಕ್ರೀ? ಕಳ್ಳತನಾನೇ ಒಪ್ಪಿದ್ದೀರಲ್ಲ” ಎಂದರು ನಯಾಜ್.

“ಕಳ್ಳ ಅಂತ ಬರೀರಿ, ಅದು ನಿಜ. ಆ ಕೊಕ್ಕೆ ಪಾಸ್ ಮಾಡಿದೋನು ಅಂತ ಬರೀಬೇಡಿ. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಗುರುತು ಒತ್ತಿದ ಒಂದು ಕೊಕ್ಕೆನೂ ಮುರಿದಿಲ್ಲ. ಅಚ್ಚು ನನ್ನದು, ಹೊಡೆದ ಕೈ ನನ್ನದಲ್ಲ.”

ಆ ಮನುಷ್ಯ ನಾಲ್ಕು ಶೆಡ್ಡಿಗೆ ನುಗ್ಗಿದ್ದು ಜೀವ ಉಳಿಸಲು, ನಿಜ. ಆದರೆ ತನ್ನ ಗುರುತಿನ ಕೆಳಗೆ ಒಬ್ಬನೂ ಸಾಯಬಾರದೆಂಬ ಹೆಮ್ಮೆ ಅವನಿಗೆ ಸೆರೆಮನೆಗಿಂತ ದೊಡ್ಡದಾಗಿತ್ತು. ಚಿಕ್ಕವೆಂಕಟಪ್ಪ ಮಹಜರನ್ನು ತಮ್ಮತ್ತ ಎಳೆದುಕೊಂಡರು. ‘ಆರೋಪಿಯು ಒತ್ತಿದ’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಆರೋಪಿ ರಜೆಯಲ್ಲಿದ್ದಾಗ ಬೇರೆಯವರು ಒತ್ತಿದ’ ಎಂದು ತಮ್ಮ ಕೈಯಾರೆ ಬರೆದು, ತಿದ್ದುಪಡಿಯ ಪಕ್ಕದಲ್ಲಿ ರುಜು ಮಾಡಿ ತಾರೀಖು ಹಾಕಿದರು.

ಶಫಿ ಕನ್ನಡಕ ಒರೆಸಿಕೊಂಡು ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ಸಹಿ ಹಾಕಿದ.